ಕಪ್ಪಿಗೆ ಕಾಸಿದೆ, ಕ್ಲಬ್ಬಿಗಿಲ್ಲ

ಮಳೆ ನಿಂತು ಚಳಿ ಶುರುವಾದರೆ ಸಾಕು, ಕರಾವಳಿಯ ಊರೂರಲ್ಲಿ ಫ್ಲೆಕ್ಸ್ ಏಳುತ್ತವೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ. ಮ್ಯಾಟ್ ಅಂಕಣ. ಪ್ರಥಮ ಬಹುಮಾನ ಇಷ್ಟು ನಗದು ಮತ್ತು ಶಾಶ್ವತ ಫಲಕ, ದ್ವಿತೀಯ ಇಷ್ಟು, ಉತ್ತಮ ದಾಳಿಗಾರನಿಗೆ ಬೇರೆ, ಉತ್ತಮ ಹಿಡಿತಗಾರನಿಗೆ ಬೇರೆ. ಕೆಳಗೆ ದಾನಿಗಳ ಫೋಟೊ ಸಾಲು. ಒಳನಾಡಿಗೆ ಬಂದರೆ ಆಟ ಬದಲಾಗುತ್ತದೆ, ವಾಲಿಬಾಲ್ ಅಥವಾ ಟೆನಿಸ್ ಬಾಲ್ ಕ್ರಿಕೆಟ್. ಫ್ಲೆಕ್ಸ್ ಮಾತ್ರ ಅದೇ. ಒಂದೆರಡು ರಾತ್ರಿಗೆ ಲಕ್ಷಗಟ್ಟಲೆ ಖರ್ಚಾಗುತ್ತದೆ, ಅಷ್ಟೂ ಹಣ ಒಂದೆರಡು ತಿಂಗಳಲ್ಲಿ ಕೂಡಿಬರುತ್ತದೆ.

ಪಂದ್ಯಾಟ ಮುಗಿದ ಮೇಲೆ ಅದೇ ಕ್ಲಬ್ಬಿನ ಹುಡುಗರು ಸಂಜೆ ಅಭ್ಯಾಸ ಮಾಡುವುದನ್ನು ಹೋಗಿ ನೋಡಬೇಕು. ಮ್ಯಾಟ್ ಬಾಡಿಗೆಯದು, ವಾಪಸ್ ಹೋಗಿರುತ್ತದೆ. ಲೈಟೂ ಹಾಗೆಯೇ. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಮಾಸಿರುತ್ತದೆ. ಹಳೆಯ ಆಟಗಾರನೊಬ್ಬ ಕೆಲಸ ಮುಗಿಸಿ ಬಂದು, ಸುಮ್ನೆ ಪ್ರೀತಿಗೆ, ಹತ್ತು ಹದಿನೈದು ಮಕ್ಕಳಿಗೆ ಕಲಿಸುತ್ತಿರುತ್ತಾನೆ. ಬಾಲ್ ಹರಿದರೆ ಅವನೇ ತರುತ್ತಾನೆ. ಕ್ಲಬ್ ಅಂದರೆ ನಿಜವಾಗಿ ಇದು. ಆದರೆ ಈ ಕ್ಲಬ್ಬಿಗೆ ದುಡ್ಡು ಕೊಡುವವರು ಯಾರೂ ಇಲ್ಲ. ದುಡ್ಡು ಬರುವುದು ಕಪ್ಪಿಗೆ, ಅಂದರೆ ಪಂದ್ಯಾಟಕ್ಕೆ.

ದೇಶದಲ್ಲಿ ಈಗ ಕ್ರೀಡಾ ಆಡಳಿತದ ಬಗ್ಗೆ ಜೋರು ಮಾತು ನಡೆಯುತ್ತಿದೆ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಹೊಸ ಕ್ರೀಡಾ ನೀತಿಗೆ ಒಪ್ಪಿಗೆ ಕೊಟ್ಟಿತು. ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಪಾಸು ಮಾಡಿತು. ಫೆಡರೇಷನ್‌ಗಳ, ಅಂದರೆ ಒಂದೊಂದು ಆಟದ ರಾಷ್ಟ್ರೀಯ ಸಂಸ್ಥೆಗಳ ಮೇಲೆ ಕಣ್ಣಿಡಲು ಒಂದು ಮಂಡಳಿ, ಜಗಳ ಬಗೆಹರಿಸಲು ಒಂದು ನ್ಯಾಯಮಂಡಳಿ, ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರು. ಎಲ್ಲಾ ಬೇಕಾದದ್ದೇ. ದಶಕಗಟ್ಟಲೆ ಒಬ್ಬರೇ ಅಧ್ಯಕ್ಷರಾಗಿ ಕೂತ ಫೆಡರೇಷನ್‌ಗಳನ್ನು ನೋಡಿದವರಿಗೆ ಇದು ಗೊತ್ತು. ಆದರೆ ಈ ಸುಧಾರಣೆ ಮೇಲಿನಿಂದ ಶುರುವಾಗಿ ಜಿಲ್ಲಾ ಸಂಸ್ಥೆಯ ಹತ್ತಿರ ಬರುವಷ್ಟರಲ್ಲಿ ಸುಸ್ತಾಗುತ್ತದೆ. ಅದರ ಕೆಳಗೆ ಯುವಕ ಮಂಡಲಗಳು, ಫ್ರೆಂಡ್ಸ್ ಸರ್ಕಲ್‌ಗಳು, ಬಡಾವಣೆಯ ಬಾಸ್ಕೆಟ್‌ಬಾಲ್ ಕ್ಲಬ್‌ಗಳು, ಖೊ-ಖೊ ಬಳಗಗಳು ಇವೆ. ಆಟಗಾರ ಹುಟ್ಟುವುದು ಅಲ್ಲಿ.

ಮೊದಲು ಕಾಗದದ ಕಥೆ ನೋಡೋಣ. ಎಲ್ಲಾ ಸಮಸ್ಯೆಯ ಬೇರು ಅಲ್ಲಿದೆ ಅಂತ ನನಗನ್ನಿಸುತ್ತದೆ.

ಕ್ಲಬ್ ನೋಂದಣಿ ಕಷ್ಟವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಏಳು ಜನ ಸೇರಿ ಬೈಲಾ ಬರೆದು, ಶುಲ್ಕ ಕಟ್ಟಿದರೆ ಸಂಘ ಆಗುತ್ತದೆ. ಆ ದಿನ ಎಲ್ಲರಿಗೂ ಹುರುಪು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಜೊತೆಗೆ ಗೌರವಾಧ್ಯಕ್ಷರಾಗಿ ಊರ ದೊಡ್ಡವರೊಬ್ಬರು. ಕಷ್ಟ ಶುರುವಾಗುವುದು ಆಮೇಲೆ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಯಬೇಕು. ಲೆಕ್ಕಕ್ಕೆ ಆಡಿಟ್ ಆಗಬೇಕು. ಆಡಿಟ್ ಆದ ಲೆಕ್ಕವನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಊರಲ್ಲಿ ಇದನ್ನೇ ರಿನ್ಯೂವಲ್ ಅನ್ನುತ್ತಾರೆ. ಮೊದಲ ವರ್ಷ ಮಾಡುತ್ತಾರೆ. ಎರಡನೇ ವರ್ಷ ಕಾರ್ಯದರ್ಶಿಗೆ ಬೆಂಗಳೂರಲ್ಲಿ ಕೆಲಸ ಸಿಗುತ್ತದೆ. ಮೂರನೇ ವರ್ಷ ನಿರ್ಣಯ ಪುಸ್ತಕ ಯಾರ ಮನೆಯಲ್ಲಿದೆ ಅಂತ ಹುಡುಕಾಟ. ಐದಾರು ವರ್ಷ ಬಾಕಿ ಬಿದ್ದ ಮೇಲೆ ದಂಡ, ಹಳೆ ಲೆಕ್ಕ, ಸಹಿ, ಓಡಾಟ ಅಂತ ಯಾರೂ ಕೈ ಹಾಕುವುದಿಲ್ಲ. ಸುಲಭ ದಾರಿ ಒಂದಿದೆಯಲ್ಲ: ಹೊಸ ಹೆಸರಲ್ಲಿ ಹೊಸ ಸಂಘ. ಹಾಗಾಗಿ ಹಳೆಯ ಕ್ಲಬ್ಬಿಗೆ ಊರಲ್ಲಿ ನಲವತ್ತು ವರ್ಷದ ಹೆಸರಿದ್ದರೂ ಕಾಗದದಲ್ಲಿ ಮೂರು ವರ್ಷದ ವಯಸ್ಸು.

ಅದೇ ಊರಲ್ಲಿ ಹಾಲಿನ ಡೇರಿ ಇರುತ್ತದೆ. ಅದೂ ಊರವರೇ ಸದಸ್ಯರಾಗಿರುವ ಸಂಘ. ನಿರ್ದೇಶಕರು ಊರವರೇ, ಅಲ್ಲೂ ರಾಜಕೀಯ ಇದ್ದದ್ದೇ. ಆದರೂ ಬೆಳಗ್ಗೆ ಬಾಗಿಲು ತೆರೆಯುತ್ತದೆ, ಹಾಲು ಅಳೆಯುತ್ತಾರೆ, ಲೆಕ್ಕ ಬರೆಯುತ್ತಾರೆ, ವರ್ಷಕ್ಕೊಮ್ಮೆ ಆಡಿಟ್ ಆಗುತ್ತದೆ. ಡೇರಿಯವರು ಕ್ರೀಡಾ ಕ್ಲಬ್ಬಿನವರಿಗಿಂತ ಹೆಚ್ಚು ಶಿಸ್ತಿನವರೇನೂ ಅಲ್ಲ. ಎಷ್ಟೋ ಕಡೆ ಎರಡರಲ್ಲೂ ಇರುವುದು ಅದೇ ಜನ. ವ್ಯತ್ಯಾಸ ಇಷ್ಟೇ, ಡೇರಿಯ ಕಾರ್ಯದರ್ಶಿಗೆ ಸಂಬಳ ಇದೆ. ಆ ಸಂಬಳ ದೊಡ್ಡದಲ್ಲ. ಆದರೆ ಪುಸ್ತಕ ಬರೆಯುವುದು ಒಬ್ಬರ ಕೆಲಸ ಅಂತ ಆದಾಗ ಪುಸ್ತಕ ಇರುತ್ತದೆ. ಎಲ್ಲರ ಸೇವೆ ಅಂತ ಆದಾಗ ಇರುವುದಿಲ್ಲ.

ಕ್ಲಬ್ಬಿನ ಹಣ ಬರುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವೇ. ರಶೀದಿ ಪುಸ್ತಕ ಹಿಡಿದು ಮನೆಮನೆ, ಅಂಗಡಿ ಅಂಗಡಿ ಸುತ್ತಿ ಎತ್ತುವ ಚಂದಾ. ತಂಡಗಳ ಪ್ರವೇಶ ಶುಲ್ಕ. ಮುಂಬೈಯಲ್ಲಿ ಹೋಟೆಲ್ ಇಟ್ಟವರು, ದುಬೈ, ಕತಾರ್, ಬಹರೇನ್‌ನಲ್ಲಿ ದುಡಿಯುವವರು ಕಳಿಸುವ ದೇಣಿಗೆ. ಗುತ್ತಿಗೆದಾರರು, ಚಿನ್ನದಂಗಡಿ, ಸಹಕಾರಿ ಬ್ಯಾಂಕು. ಆಮೇಲೆ ರಾಜಕಾರಣಿ. ಚುನಾವಣೆ ಹತ್ತಿರವಿದ್ದ ವರ್ಷ ಕಪ್ಪುಗಳ ಸಂಖ್ಯೆ ಏರುವುದನ್ನು ಯಾರು ಬೇಕಾದರೂ ಗಮನಿಸಬಹುದು. ನೀತಿ ಸಂಹಿತೆ ಬಂದ ದಿನ ಟೀ ಶರ್ಟ್ ಹಂಚುವುದು ನಿಲ್ಲುತ್ತದೆ.

ಇವರೆಲ್ಲ ಪಂದ್ಯಾಟಕ್ಕೇ ಯಾಕೆ ಕೊಡುತ್ತಾರೆ? ಬೈದು ಪ್ರಯೋಜನವಿಲ್ಲ, ಕಾರಣ ಸರಿಯಾಗೇ ಇದೆ. ಪಂದ್ಯಾಟಕ್ಕೆ ಒಂದು ದಿನಾಂಕ ಇದೆ, ವೇದಿಕೆ ಇದೆ, ಮೈಕ್ ಇದೆ. ಕೊಟ್ಟ ದುಡ್ಡು ಏನಾಯಿತು ಅಂತ ಅವತ್ತೇ ಕಣ್ಣಿಗೆ ಕಾಣುತ್ತದೆ. ದಿನದ ಅಭ್ಯಾಸಕ್ಕೆ ಕೊಟ್ಟ ಹತ್ತು ಸಾವಿರ ಎಲ್ಲಿ ಹೋಯಿತು ಅಂತ ತೋರಿಸುವುದು ಹೇಗೆ? ಕ್ಲಬ್ಬಿನ ಹತ್ತಿರ ಪುಸ್ತಕವೇ ಇಲ್ಲವಲ್ಲ. ಲೆಕ್ಕ ತೋರಿಸಲಾಗದ ಸಂಸ್ಥೆಗೆ ದಾನಿ ಕಣ್ಣಿಗೆ ಕಾಣುವ ಖರ್ಚಿಗೆ ಮಾತ್ರ ಕೊಡುತ್ತಾನೆ. ನಾನಾದರೂ ಹಾಗೇ ಮಾಡುತ್ತಿದ್ದೆ.

ಈಗ ಇನ್ನೊಂದು ತೊಡಕು ಸೇರಿದೆ. ಚಂದಾ ಬಹುಪಾಲು ಯುಪಿಐಯಲ್ಲಿ ಬರುತ್ತದೆ. ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲದಿದ್ದರೆ ಅಥವಾ ಇದ್ದ ಖಾತೆಯಲ್ಲಿ ಹಳೆ ಪದಾಧಿಕಾರಿಗಳ ಸಹಿಯೇ ಉಳಿದಿದ್ದರೆ, ಖಜಾಂಚಿಯ ಸ್ವಂತ ನಂಬರಿನ ಕ್ಯೂಆರ್ ಕೋಡ್ ಆಮಂತ್ರಣ ಪತ್ರಿಕೆಯ ಮೇಲೆ ಅಚ್ಚಾಗುತ್ತದೆ. ಎರಡು ತಿಂಗಳಲ್ಲಿ ಅವನ ಖಾತೆಗೆ ಅವನ ಎರಡು ವರ್ಷದ ದುಡಿಮೆಗಿಂತ ಜಾಸ್ತಿ ಹಣ ಬಂದು ಹೋಗಬಹುದು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ನೋಟಿಸ್ ಹೋದದ್ದು ರಾಜ್ಯವೆಲ್ಲ ಸುದ್ದಿಯಾಯಿತು. ಅದು ವ್ಯಾಪಾರದ ವಿಷಯ, ಚಂದಾದ್ದಲ್ಲ. ಆದರೂ ಊರ ಹಣವನ್ನು ಸ್ವಂತ ಖಾತೆಯಲ್ಲಿ ಹಿಡಿದವನು ಯಾರಾದರೂ ಕೇಳಿದರೆ ಏನಂತ ಹೇಳುತ್ತಾನೆ? ತೆರಿಗೆಯವರು ಬಿಡಲಿ, ಊರವರೇ ಕೇಳುತ್ತಾರೆ. ಒಂದು ರೂಪಾಯಿ ತಿನ್ನದವನೂ ಅನುಮಾನ ಹೊತ್ತು ಓಡಾಡಬೇಕು. ಎಷ್ಟೋ ಒಳ್ಳೆಯ ಕ್ಲಬ್‌ಗಳು ಒಡೆದದ್ದು ಸೋಲಿನಿಂದಲ್ಲ, ಪಂದ್ಯಾಟದ ಮಾರನೆಯ ವಾರದ ಲೆಕ್ಕದ ಸಭೆಯಲ್ಲಿ.

ದೊಡ್ಡ ಕಂಪನಿಗಳ ಹಣ ಇದೆಯಲ್ಲ, ಸಿಎಸ್‌ಆರ್? ಇಲ್ಲಿ ಒಂದು ತಮಾಷೆ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಗಾತ್ರ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಬಳಸಬೇಕು. ಯಾವ ಕೆಲಸ ಅನ್ನುವ ಪಟ್ಟಿಯಲ್ಲಿ ಕ್ರೀಡೆಯೂ ಇದೆ. ಆದರೆ ಅಲ್ಲಿ ಬರೆದಿರುವುದು ಗ್ರಾಮೀಣ ಕ್ರೀಡೆ, ರಾಷ್ಟ್ರ ಮಾನ್ಯತೆಯ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿ ಅಂತ. ಪಂದ್ಯಾಟ ಅಂತಲ್ಲ. 2014ರ ಜೂನ್‌ನಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯ ಸುತ್ತೋಲೆ ಕಳಿಸಿ ಮ್ಯಾರಥಾನ್, ಪ್ರಶಸ್ತಿ, ಜಾಹೀರಾತಿನಂಥ ಒಂದು ಸಲದ ಕಾರ್ಯಕ್ರಮಗಳು ಈ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಹೇಳಿತು. ಪ್ರಚಾರದ ಲಾಭಕ್ಕಾಗಿ ಕೊಡುವ ಪ್ರಾಯೋಜಕತ್ವವೂ ನಿಯಮದಲ್ಲಿ ಹೊರಗೆ. ಅಂದರೆ ಕಾನೂನು ದಿನದ ಅಭ್ಯಾಸದ ಪರ ನಿಂತಿದೆ! ಸಂಜೆ ಹದಿನೈದು ಮಕ್ಕಳಿಗೆ ಕಬಡ್ಡಿ ಕಲಿಸುವವನಿಗೆ ಸಿಗಬೇಕಾದ ಹಣ ಇದೇ.

ಅದು ಅವನಿಗೆ ಸಿಗುವುದಿಲ್ಲ. ಹೊರಗಿನ ಸಂಸ್ಥೆಯ ಮೂಲಕ ಕೆಲಸ ಮಾಡಿಸುವುದಾದರೆ ಆ ಸಂಸ್ಥೆಗೆ ಆದಾಯ ತೆರಿಗೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ ಬೇಕು, ಮೂರು ವರ್ಷದ ಕೆಲಸದ ದಾಖಲೆ ಬೇಕು. 2021ರ ಏಪ್ರಿಲ್‌ನಿಂದ ಸಚಿವಾಲಯದಲ್ಲಿ ಸಿಎಸ್‌ಆರ್-1 ಅನ್ನುವ ಇನ್ನೊಂದು ನೋಂದಣಿಯೂ ಕಡ್ಡಾಯ. ಕ್ರೀಡೆಗೆ ಪ್ರೋತ್ಸಾಹ ಕೊಡುವುದೂ ದತ್ತಿ ಕೆಲಸವೇ ಅಂತ ನೇರ ತೆರಿಗೆ ಮಂಡಳಿ 1984ರಲ್ಲೇ ಒಪ್ಪಿದೆ, ಆ ಬಾಗಿಲು ತೆರೆದೇ ಇದೆ. ಆದರೆ ಅದರೊಳಗೆ ಹೋಗಲು ಪ್ರತಿ ವರ್ಷದ ಆಡಿಟ್, ದಾನಿಗಳ ಪಟ್ಟಿ ಸಲ್ಲಿಕೆ, ಕಾಲಕಾಲಕ್ಕೆ ನೋಂದಣಿಯ ನವೀಕರಣ ಇವೆಲ್ಲ ಬೇಕು. ವ್ಯಾಪಾರದ ರೀತಿಯ ಆದಾಯ ಒಟ್ಟು ಆದಾಯದ ಶೇ 20 ದಾಟಬಾರದು ಅನ್ನುವ ಮಿತಿಯೂ ಇದೆ. ಟಿಕೆಟ್ ಇಟ್ಟು, ಸ್ಟಾಲ್ ಬಾಡಿಗೆಗೆ ಕೊಟ್ಟು ಪಂದ್ಯಾಟ ನಡೆಸುವವರು ಅದನ್ನು ನೋಡಿಕೊಳ್ಳಬೇಕು. ಸಂಜೆ ಅಂಕಣದಲ್ಲಿ ಸೀಟಿ ಹಿಡಿದು ನಿಂತವನಿಂದ ಇದು ಆಗುವ ಮಾತಲ್ಲ. ಆಗ ಏನಾಗುತ್ತದೆ? ನಗರದಲ್ಲಿ ಕಚೇರಿ, ಅಕೌಂಟೆಂಟ್ ಇರುವ ಸಂಸ್ಥೆಗಳಿಗೆ ಆ ಹಣ ಹೋಗುತ್ತದೆ. ಅವು ಕೆಟ್ಟ ಸಂಸ್ಥೆಗಳು ಅಂತಲ್ಲ. ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತಿವೆ. ಊರಿನ ಕ್ಲಬ್ ಮಾತ್ರ ಆ ಸಾಲಿನಲ್ಲಿ ನಿಲ್ಲುವುದೇ ಇಲ್ಲ.

80ಜಿ ಇದ್ದರೆ ಸಾಮಾನ್ಯ ದಾನಿಗಾದರೂ ಅನುಕೂಲ ಅಲ್ವಾ ಅನ್ನಬಹುದು. ಅದೂ ಈಗ ಕಡಿಮೆಯಾಗುತ್ತಿದೆ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಆಯ್ಕೆ. ಅದರಲ್ಲಿ ಉಳಿದ ಸಂಬಳದಾರರಿಗೆ ದೇಣಿಗೆಯ ಮೇಲೆ ತೆರಿಗೆ ವಿನಾಯಿತಿ ಇಲ್ಲ. ಕೊಡುವವನು ಮನಸ್ಸಿನಿಂದ ಕೊಡಬೇಕು, ಅಷ್ಟೇ. ಜಿಎಸ್‌ಟಿಯಲ್ಲೂ ಇಂಥದ್ದೇ ಒಂದು ಓರೆ ಇದೆ. ರಾಷ್ಟ್ರೀಯ ಫೆಡರೇಷನ್ ಅಥವಾ ಅದರ ಅಂಗಸಂಸ್ಥೆಗಳು ಜಿಲ್ಲೆ, ರಾಜ್ಯ ತಂಡಗಳ ನಡುವೆ ನಡೆಸುವ ಪಂದ್ಯಾವಳಿಯ ಪ್ರಾಯೋಜಕತ್ವಕ್ಕೆ ವಿನಾಯಿತಿ ಇದೆ. ಊರ ಯುವಕ ಮಂಡಲದ ಪಂದ್ಯಾಟಕ್ಕೆ ಆ ಸಾಲು ಹೊಂದುವುದಿಲ್ಲ.

ಸರ್ಕಾರದ ಹಣದ ಕಥೆ ಚಿಕ್ಕದಾಗಿ ಹೇಳಬಹುದು: ಕಟ್ಟಲಿಕ್ಕೆ ಕೊಡುತ್ತದೆ, ನಡೆಸಲಿಕ್ಕೆ ಕೊಡುವುದು ಕಡಿಮೆ. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ, ಶಾಸಕರಿಗೂ ಇದೆ. ಅದು ಬಾಳಿಕೆ ಬರುವ ಆಸ್ತಿಗೆ. ಹಾಗಾಗಿ ಕಾಂಪೌಂಡ್ ಗೋಡೆ ಏಳುತ್ತದೆ, ರಂಗಮಂದಿರ ಏಳುತ್ತದೆ, ಓಪನ್ ಜಿಮ್ ಬರುತ್ತದೆ. ಗೋಡೆಯ ಮೇಲೆ ಹೆಸರೂ ಬರುತ್ತದೆ. ಅದರ ಗೇಟಿನ ಬೀಗದ ಕೈ ಯಾರ ಹತ್ತಿರ ಇರಬೇಕು, ಕರೆಂಟ್ ಬಿಲ್ ಯಾರು ಕಟ್ಟಬೇಕು, ಇದಕ್ಕೆ ಯಾವ ನಿಧಿಯೂ ಇಲ್ಲ.

ಹಿಂದೊಮ್ಮೆ ಕೇಂದ್ರ ಸರ್ಕಾರ ಬೇರೆ ರೀತಿ ಯೋಚಿಸಿತ್ತು. 2008ರಲ್ಲಿ ಪೈಕಾ ಅನ್ನುವ ಯೋಜನೆ ಬಂತು, ಪಂಚಾಯತ್ ಯುವ ಕ್ರೀಡಾ ಔರ್ ಖೇಲ್ ಅಭಿಯಾನ್. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಆಟದ ಮೈದಾನ ಅನ್ನುವುದು ಗುರಿ. ಅದರಲ್ಲಿ ಕ್ರೀಡಾಶ್ರೀ ಅಂತ ಊರಿಗೊಬ್ಬ ಸ್ವಯಂಸೇವಕನನ್ನು ಗುರುತಿಸಿ, ಅವನಿಗೆ ತಿಂಗಳಿಗೆ ಸಣ್ಣದೊಂದು ಗೌರವಧನ ಕೊಡುವ ವ್ಯವಸ್ಥೆ ಇತ್ತು. ಮೊತ್ತ ನಗು ಬರುವಷ್ಟು ಕಡಿಮೆ. ಆದರೂ ಮಕ್ಕಳನ್ನು ಆಡಿಸುವವನ ಸಮಯಕ್ಕೂ ಬೆಲೆ ಇದೆ ಅಂತ ಒಂದು ಸರ್ಕಾರಿ ಕಾಗದದಲ್ಲಿ ಬರೆದದ್ದು ಅಪರೂಪ. 2014ರಲ್ಲಿ ಅದು ರಾಜೀವ್ ಗಾಂಧಿ ಖೇಲ್ ಅಭಿಯಾನ್ ಆಯಿತು, ಆಮೇಲೆ ಖೇಲೋ ಇಂಡಿಯಾದೊಳಗೆ ಕರಗಿತು. ಖೇಲೋ ಇಂಡಿಯಾದ ನೋಟ ಪ್ರತಿಭೆಯನ್ನು ಹುಡುಕಿ ಮೇಲೆತ್ತುವ ಕಡೆ ಜಾಸ್ತಿ. ಪದಕದ ಲೆಕ್ಕದಲ್ಲಿ ಅದು ಸರಿ ಇರಬಹುದು. ಆದರೆ ಆಯ್ಕೆಯಾಗದ ಹದಿನಾಲ್ಕು ಮಕ್ಕಳು ಮರುದಿನವೂ ಅದೇ ಮೈದಾನಕ್ಕೆ ಬರುತ್ತಾರಲ್ಲ, ಅವರು ಯಾರ ಹೊಣೆ?

ಇಷ್ಟೆಲ್ಲ ಅಡ್ಡಿಗಳ ನಡುವೆ ಕರ್ನಾಟಕದಲ್ಲೇ ಒಂದು ಕಡೆ ಸ್ವಯಂಸೇವಕರು ದೊಡ್ಡದೊಂದನ್ನು ಕಟ್ಟಿ ನಡೆಸುತ್ತಿದ್ದಾರೆ. ಕೊಡಗಿನ ಕೌಟುಂಬಿಕ ಹಾಕಿ. ಅದನ್ನು ಎಲ್ಲರೂ ಹೊಗಳುತ್ತಾರೆ, ದಾಖಲೆಯ ಸಂಖ್ಯೆ ಹೇಳಿ ಸುಮ್ಮನಾಗುತ್ತಾರೆ. ನನಗೆ ಸಂಖ್ಯೆಗಿಂತ ಅದರ ಆಡಳಿತದ ರೀತಿ ಹೆಚ್ಚು ಕುತೂಹಲದ್ದು.

1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಇದನ್ನು ಕರಡ ಗ್ರಾಮದಲ್ಲಿ ಶುರು ಮಾಡಿದರು. ಅವತ್ತು ಬಂದದ್ದು 60 ಕುಟುಂಬಗಳ ತಂಡ. ನಿಯಮ ಸರಳ: ಒಂದು ಒಕ್ಕದವರು, ಅಂದರೆ ಒಂದೇ ಮನೆತನದವರು, ಒಂದು ತಂಡ. ಕುಟುಂಬದ ಹೆಸರೇ ತಂಡದ ಹೆಸರು. ಹೆಣ್ಣುಮಕ್ಕಳೂ ಆಡಬಹುದು, ಅಜ್ಜಂದಿರೂ ಇಳಿಯಬಹುದು. ಪ್ರತಿ ವರ್ಷ ಒಂದು ಕುಟುಂಬ ಹಬ್ಬದ ಹೊಣೆ ಹೊರುತ್ತದೆ, ಆ ವರ್ಷದ ಕಪ್ಪಿಗೆ ಅವರ ಮನೆತನದ ಹೆಸರು. 2018ರ ಮಳೆ, ಭೂಕುಸಿತ, ಅದರ ಬೆನ್ನಿಗೇ ಕೋವಿಡ್ ಬಂದು ಕೆಲವು ವರ್ಷ ಹಬ್ಬ ನಿಂತಿತ್ತು. 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕುಟುಂಬದ ಸಾರಥ್ಯದಲ್ಲಿ ಮತ್ತೆ ಎದ್ದಿತು. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡ. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದಾಗ 396. ಸೋತವರು ಹೊರಗೆ ಅನ್ನುವ ನಾಕೌಟ್ ಲೆಕ್ಕದಲ್ಲೇ ಹಿಡಿದರೂ 396 ತಂಡಕ್ಕೆ 395 ಪಂದ್ಯ ಆಗಬೇಕು. ತಿಂಗಳ ಆಸುಪಾಸಿನಲ್ಲಿ. ಅಂಪೈರ್, ಮೈದಾನ, ಊಟ, ನೀರು, ಪಾರ್ಕಿಂಗ್, ಆಂಬುಲೆನ್ಸ್ ಎಲ್ಲಾ ಸೇರಿ.

ಇದರ ಜಾಣತನ ಇರುವುದು ಸರದಿಯಲ್ಲಿ. ಹೊಣೆ ಹೊತ್ತ ಕುಟುಂಬಕ್ಕೆ ಕೆಲಸ ಯಾವಾಗ ಮುಗಿಯುತ್ತದೆ ಅಂತ ಮೊದಲೇ ಗೊತ್ತು. ಫೈನಲ್ ದಿನ ಬಾವುಟ ಮುಂದಿನ ಕುಟುಂಬದ ಕೈಗೆ ಹೋಗುತ್ತದೆ. ಸ್ವಯಂಸೇವೆ ಸಾಯುವುದು ಕೆಲಸ ಜಾಸ್ತಿ ಅಂತಲ್ಲ, ಕೊನೆ ಕಾಣುವುದಿಲ್ಲ ಅಂತ. ಊರ ಕ್ಲಬ್ಬಿನ ಕಾರ್ಯದರ್ಶಿ ಒಮ್ಮೆ ಒಪ್ಪಿಕೊಂಡರೆ ಬಿಡುಗಡೆಯೇ ಇಲ್ಲ. ಇಪ್ಪತ್ತು ವರ್ಷ ಅವನೇ. ಅವನಿಗೂ ಸಾಕಾಗಿರುತ್ತದೆ, ಉಳಿದವರಿಗೆ ಅವನ ಮೇಲೆ ಸಿಟ್ಟಿರುತ್ತದೆ, ಆದರೂ ಬೇರೆ ಯಾರೂ ಮುಂದೆ ಬರುವುದಿಲ್ಲ. ಕೊಡಗಿನಲ್ಲಿ ಆ ಗಂಟು ಬಿಚ್ಚಿದ್ದಾರೆ. ಇನ್ನೊಂದು, ದುಡಿಯುವ ಕೈಗಳನ್ನು ಹೊಸದಾಗಿ ಹುಡುಕಬೇಕಿಲ್ಲ. ಒಕ್ಕದಲ್ಲೇ ಅಕೌಂಟ್ಸ್ ಗೊತ್ತಿರುವವರು, ಸೇನೆಯಲ್ಲಿದ್ದವರು, ಕಾಫಿ ತೋಟದಲ್ಲಿ ನೂರಾರು ಜನರ ಕೆಲಸ ನೋಡಿಕೊಂಡವರು ಇರುತ್ತಾರೆ. ಮನೆತನದ ಹೆಸರು ಪಣಕ್ಕಿರುವಾಗ ಲೆಕ್ಕವೂ ಸರಿಯಾಗಿರಬೇಕಾಗುತ್ತದೆ. ನೆನಪು ಅಳಿಯದಂತೆ ನೋಡಿಕೊಳ್ಳಲು ಕೊಡವ ಹಾಕಿ ಅಕಾಡೆಮಿ ಮೇಲಿದೆ. ವರ್ಷದ ಕೆಲಸ ಒಬ್ಬರದು, ನಿಯಮದ ಪುಸ್ತಕ ಇನ್ನೊಬ್ಬರದು.

ಆದರೆ ಈ ಮಾದರಿಗೂ ಒಂದು ಹೊರೆ ಇದೆ. ತಂಡ ಹೆಚ್ಚಿದಂತೆ ಖರ್ಚು ಹೆಚ್ಚುತ್ತದೆ. ಪ್ರತಿ ಕುಟುಂಬ ಹಿಂದಿನವರಿಗಿಂತ ಕಡಿಮೆ ಮಾಡಲಾಗದು. ದೊಡ್ಡ ಒಕ್ಕಗಳಿಗೆ ಅದು ಸಾಧ್ಯ. ಜನ, ಹಣ ಎರಡೂ ಕಡಿಮೆ ಇರುವ ಒಕ್ಕ ಮುಂದೆ ಬರಲು ಹಿಂದೇಟು ಹಾಕಿದರೆ ತಪ್ಪೇನು? ಆಗ ಸರ್ಕಾರದ ಅನುದಾನದ ಮೇಲೆ ಕಣ್ಣು ಬೀಳುತ್ತದೆ. ಅನುದಾನ ಬಂದರೆ ವೇದಿಕೆಗೆ ಮಂತ್ರಿಗಳೂ ಬರುತ್ತಾರೆ. ಮತ್ತೆ, ಇದೂ ಹಬ್ಬವೇ. ವರ್ಷವಿಡೀ ಮಕ್ಕಳಿಗೆ ಹಾಕಿ ಕಲಿಸುವ ಕೆಲಸ ಬೇರೆ ಕಡೆ, ಶಾಲೆ, ಕ್ರೀಡಾ ವಸತಿ ನಿಲಯ, ಸಣ್ಣ ಕ್ಲಬ್‌ಗಳಲ್ಲಿ ನಡೆಯಬೇಕು. ಒಂದು ಸಮುದಾಯದ ಒಳಗಿನ ನಂಟಿನ ಮೇಲೆ ನಿಂತ ವ್ಯವಸ್ಥೆಯನ್ನು ಎಲ್ಲಾ ಜಾತಿಯ ಮಕ್ಕಳು ಆಡುವ ಊರ ಕ್ಲಬ್ಬಿಗೆ ಹಾಗೇ ಎತ್ತಿ ಇಡಲೂ ಆಗುವುದಿಲ್ಲ. ತೆಗೆದುಕೊಳ್ಳಬಹುದಾದದ್ದು ಸರದಿ ಮಾತ್ರ. ಅದು ಸಣ್ಣದೇನಲ್ಲ.

ಬೆಂಗಳೂರಿನ ಹಳೆಯ ಬಾಸ್ಕೆಟ್‌ಬಾಲ್ ಕ್ಲಬ್‌ಗಳು ಬೇರೆ ದಾರಿ ಹಿಡಿದಿವೆ. ಬೇಸಿಗೆ ಶಿಬಿರ, ತಿಂಗಳ ಶುಲ್ಕ. ಕೊಡಬಲ್ಲವರ ಮಕ್ಕಳ ಶುಲ್ಕದಿಂದ ಕೊಡಲಾಗದ ಮಕ್ಕಳೂ ಆಡುತ್ತಾರೆ. ಬಡಾವಣೆಯಲ್ಲಿ ಅಪ್ಪ ಅಮ್ಮಂದಿರ ಕೈಯಲ್ಲಿ ದುಡ್ಡಿದ್ದರೆ ಇದು ನಡೆಯುತ್ತದೆ. ಸಿಂಧನೂರಿನ ಹಳ್ಳಿಯ ಖೊ-ಖೊ ಬಳಗಕ್ಕೆ ಈ ದಾರಿ ಇಲ್ಲ. ಕ್ರಿಕೆಟ್ ಬಿಡಿ, ಅದರ ಲೋಕವೇ ಬೇರೆ. ಅಲ್ಲಿ ಟಿವಿ ಹಣ ಮೇಲಿನಿಂದ ರಾಜ್ಯ ಸಂಸ್ಥೆಗಳಿಗೆ ಇಳಿದು ಬರುತ್ತದೆ. ಉಳಿದ ಹೆಚ್ಚಿನ ಆಟಗಳಲ್ಲಿ ಹಣ ಕೆಳಗಿನಿಂದ ಮೇಲೆ ಹೋಗುತ್ತದೆ: ಕ್ಲಬ್ ಜಿಲ್ಲಾ ಸಂಸ್ಥೆಗೆ ಸದಸ್ಯತ್ವದ ಹಣ ಕಟ್ಟುತ್ತದೆ, ಪಂದ್ಯಾಟಕ್ಕೆ ಅನುಮತಿ ಬೇಕೆಂದರೆ ಮತ್ತೆ ಕಟ್ಟುತ್ತದೆ.

ಈ ಲೆಕ್ಕದಲ್ಲೆಲ್ಲೂ ಕಾಣದ ಖರ್ಚು ಒಂದಿದೆ. ಕಲಿಸುವವನ ಸಮಯ. ದಿನಕ್ಕೆ ಎರಡು ಗಂಟೆ, ವಾರಕ್ಕೆ ಆರು ದಿನ, ಮಳೆಗಾಲ ಬಿಟ್ಟು ವರ್ಷಕ್ಕೆ ನಲವತ್ತು ವಾರ ಅಂತ ಹಿಡಿಯೋಣ. 480 ಗಂಟೆ. ಇದನ್ನು ಕೂಲಿಯ ಲೆಕ್ಕದಲ್ಲಿ ಹಾಕಿದರೂ ಬಹಳ ಕ್ಲಬ್‌ಗಳಲ್ಲಿ ಅತಿ ದೊಡ್ಡ ದಾನಿ ಆ ಕೋಚೇ ಆಗುತ್ತಾನೆ. ಅವನ ಫೋಟೊ ಫ್ಲೆಕ್ಸ್‌ನಲ್ಲಿ ಇರುವುದಿಲ್ಲ. ಜರ್ಮನಿಯಲ್ಲಿ ಸಣ್ಣ ಊರಿಗೂ ಒಂದು ಕ್ರೀಡಾ ಸಂಘ ಇರುತ್ತದೆ. ವಿಚಿತ್ರ ಅಂದರೆ ಅಲ್ಲೂ ನೋಂದಣಿಗೆ ಏಳೇ ಜನ ಬೇಕು. ಅಲ್ಲಿ ಬಿಡುವಿನ ವೇಳೆಯಲ್ಲಿ ತರಬೇತಿ ಕೊಡುವವನಿಗೆ ಸಂಘ ಕೊಡುವ ಗೌರವಧನಕ್ಕೆ ಒಂದು ಮಿತಿಯವರೆಗೆ ತೆರಿಗೆ ಇಲ್ಲ. 2021ರಲ್ಲಿ ಆ ಮಿತಿಯನ್ನು ವರ್ಷಕ್ಕೆ 2,400ರಿಂದ 3,000 ಯೂರೊಗೆ ಏರಿಸಿದರು. ರಾಜ್ಯದ ಕ್ರೀಡಾ ಒಕ್ಕೂಟಗಳು ಸಂಘಗಳ ಸದಸ್ಯರಿಗೆ ಒಟ್ಟಿಗೇ ವಿಮೆ ಮಾಡಿಸುತ್ತವೆ. ನಮ್ಮಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ ನಿಜ. ಅದು ಅಪಘಾತದಲ್ಲಿ ಸಾವು, ಅಂಗವಿಕಲತೆಗೆ. ಕಬಡ್ಡಿಯಲ್ಲಿ ಮಂಡಿಯ ಲಿಗಮೆಂಟ್ ಹರಿದ ಹುಡುಗನಿಗೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಆಪರೇಷನ್‌ಗೆ ಮತ್ತೆ ಚಂದಾ, ಈ ಸಲ ವಾಟ್ಸಾಪ್‌ನಲ್ಲಿ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗೇ ಹೇಳಬೇಕು. ಹಣವೆಲ್ಲ ರಾತ್ರಿ ಪಂದ್ಯಾಟದ ನಗದು ಬಹುಮಾನಕ್ಕೆ ಹೋದರೆ ಅದು ಬಹುಪಾಲು ಗಂಡಸರ ತಂಡಗಳಿಗೇ ಹೋಗುತ್ತದೆ. ಹುಡುಗಿಯರಿಗೆ ಬೇಕಾದದ್ದು ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮೈದಾನ, ಒಂದು ಶೌಚಾಲಯ, ಮನೆವರೆಗೆ ಜೊತೆ. ಇವು ದುಬಾರಿಯಲ್ಲ, ಆದರೆ ಯಾರ ಬಜೆಟ್ಟಿನಲ್ಲೂ ಇಲ್ಲ. ಸಮಿತಿಯಲ್ಲಿ ಹೆಂಗಸರಿದ್ದರೆ ಮೊದಲ ಸಭೆಯಲ್ಲೇ ಈ ಮಾತು ಬರುತ್ತಿತ್ತು. ರಾಷ್ಟ್ರೀಯ ಸಂಸ್ಥೆಗೆ ನಾಲ್ವರು ಮಹಿಳೆಯರು ಕಡ್ಡಾಯ ಅಂತ ಕಾನೂನು ಬಂತು. ಊರ ಕ್ಲಬ್ಬಿನ ಬೈಲಾದಲ್ಲಿ ಇಬ್ಬರು ಅಂತ ಬರೆಯಲು ಕಾನೂನು ಬೇಕೇ?

ಆಯೋಜಕರ ಹೊಣೆಯೂ ಈಗ ಭಾರವಾಗುತ್ತಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಮೇಲೆ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣದ ಮಸೂದೆ ತಂದಿತು. ಕಾರ್ಯಕ್ರಮ ಮಾಡುವವರನ್ನೇ ಹೊಣೆ ಮಾಡುವುದು ಅದರ ದಿಕ್ಕು. ಬೇಕಾದದ್ದೇ. ತಾತ್ಕಾಲಿಕ ಗ್ಯಾಲರಿ ಕಟ್ಟಿ ಸಾವಿರಾರು ಜನರನ್ನು ಕೂರಿಸುವ ಊರ ಸಮಿತಿಯೂ ಇನ್ನು ಮುಂದೆ ಇದನ್ನು ಯೋಚಿಸಬೇಕು. ನೋಂದಣಿ ಇಲ್ಲದ ಬಳಗದಲ್ಲಿ ಏನಾದರೂ ಆದರೆ, ಅನುಮತಿ ಪತ್ರಕ್ಕೆ ಸಹಿ ಹಾಕಿದ ಒಬ್ಬನ ತಲೆ ಮೇಲೆ ಎಲ್ಲವೂ ಬೀಳುತ್ತದೆ.

ಹಾಗಾದರೆ ಏನು ಮಾಡಬಹುದು? ಎಲ್ಲಾ ಕ್ಲಬ್ಬಿಗೂ 12ಎ ಮಾಡಿಸಿ, ಆಡಿಟ್ ಮಾಡಿಸಿ ಅನ್ನುವುದು ಸುಲಭದ ಉಪದೇಶ, ಆಗುವುದಿಲ್ಲ. ಹದಿನೈದು ಮಕ್ಕಳ ಕ್ಲಬ್ಬಿಗೆ ಅಷ್ಟು ಕಾಗದದ ಅಗತ್ಯವೂ ಇಲ್ಲ. ನನಗೆ ಕಾಣುವ ದಾರಿ ತಾಲ್ಲೂಕಿಗೊಂದು ಒಕ್ಕೂಟ. ಇಪ್ಪತ್ತು ಮೂವತ್ತು ಕ್ಲಬ್‌ಗಳು ಸೇರಿ ಒಂದೇ ನೋಂದಣಿ, ಒಂದೇ 80ಜಿ, ಒಂದೇ ಸಿಎಸ್‌ಆರ್-1. ಸಂಬಳದ ಒಬ್ಬ ಗುಮಾಸ್ತ, ಡೇರಿಯಲ್ಲಿರುವ ಹಾಗೆ. ಪ್ರತಿ ಕ್ಲಬ್ಬಿಗೂ ಒಕ್ಕೂಟದ ಪುಸ್ತಕದಲ್ಲಿ ಬೇರೆ ಬೇರೆ ಖಾತೆ ಪುಟ. ಕ್ಲಬ್ಬಿನವರು ಬಿಲ್ ಕಳಿಸಿದರೆ ಸಾಕು, ಮಿಕ್ಕದ್ದು ಅಲ್ಲಿ. ಆಗ ಒಂದು ಕಂಪನಿ ಆ ತಾಲ್ಲೂಕಿನ ನಾನೂರು ಮಕ್ಕಳ ತರಬೇತಿಗೆ ಅಂತ ಒಂದೇ ಕಡೆ ಹಣ ಕೊಡಬಹುದು. ಸ್ವಯಂಸೇವಕ ಮೈದಾನದಲ್ಲಿರುತ್ತಾನೆ, ಕಾಗದ ಕಚೇರಿಯಲ್ಲಿರುತ್ತದೆ.

ಇದರಲ್ಲಿ ಅಪಾಯ ಇಲ್ಲ ಅನ್ನಲಾರೆ. ಜಿಲ್ಲಾ ಕ್ರೀಡಾ ಸಂಸ್ಥೆಗಳೂ ಒಂದು ಕಾಲಕ್ಕೆ ಹೀಗೇ ಕ್ಲಬ್‌ಗಳಿಗಾಗಿ ಹುಟ್ಟಿದವು. ಕೆಲವು ಇವತ್ತು ಚುನಾವಣೆಯ ಮತಪೆಟ್ಟಿಗೆ ಮಾತ್ರ. ಒಕ್ಕೂಟದ ಕುರ್ಚಿಗೂ ಜಗಳ ಬರುತ್ತದೆ. ಕೊಡಗಿನ ಸರದಿಯನ್ನು ಇಲ್ಲಿ ತರಬೇಕು: ಅಧ್ಯಕ್ಷಗಿರಿ ವರ್ಷಕ್ಕೊಂದು ಕ್ಲಬ್ಬಿಗೆ, ಮತದಾನವಿಲ್ಲದೆ, ಚೀಟಿ ಎತ್ತಿ ಬಂದ ಕ್ರಮದಲ್ಲಿ. ಗುಮಾಸ್ತ ಮಾತ್ರ ಕಾಯಂ.

ಇನ್ನು ಮೈದಾನ. 1985ರ ಉದ್ಯಾನ, ಆಟದ ಮೈದಾನ ಸಂರಕ್ಷಣಾ ಕಾಯ್ದೆ ಪಟ್ಟಣಗಳ ಮೈದಾನವನ್ನು ಬೇರೆ ಕೆಲಸಕ್ಕೆ ಕೊಡದಂತೆ ತಡೆಯಲಿಕ್ಕೆ ಬಂದದ್ದು. ಜಾಗ ಉಳಿಸುವ ಕಾನೂನು ಇದೆ, ಹೊತ್ತು ಹಂಚುವ ವ್ಯವಸ್ಥೆ ಇಲ್ಲ. ಹಳ್ಳಿಯಲ್ಲಂತೂ ಮೈದಾನ ಶಾಲೆಯದು. ಮುಖ್ಯೋಪಾಧ್ಯಾಯರು ಒಳ್ಳೆಯವರಿದ್ದರೆ ಗೇಟು ತೆರೆದಿರುತ್ತದೆ, ವರ್ಗವಾಗಿ ಹೊಸಬರು ಬಂದರೆ ಬೀಗ. ಅವರ ತಪ್ಪೂ ಅಲ್ಲ. ಮಗು ಬಿದ್ದು ಕೈ ಮುರಿದರೆ ಕೇಳುವುದು ಅವರನ್ನೇ. ಗ್ರಾಮ ಪಂಚಾಯಿತಿ, ಶಾಲಾಭಿವೃದ್ಧಿ ಸಮಿತಿ, ಕ್ಲಬ್ ಮೂವರೂ ಸಹಿ ಹಾಕಿ, ಯಾವ ದಿನ ಯಾವ ಹೊತ್ತು ಯಾರಿಗೆ, ಹೊಣೆ ಯಾರದು ಅಂತ ಮೂರು ವರ್ಷಕ್ಕೆ ಬರೆದಿಟ್ಟರೆ ಸಾಕು. ಆ ಒಂದು ಹಾಳೆ ಒಂದು ಲಕ್ಷದ ಅನುದಾನಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಿಎಸ್‌ಆರ್ ಕೊಡುವವರೂ ಮೊದಲು ಕೇಳುವ ಪ್ರಶ್ನೆ ಅದೇ, ಮಕ್ಕಳು ಆಡುವುದು ಎಲ್ಲಿ?

ಮೊದಲ ವರ್ಷ ಗುಮಾಸ್ತನ ಸಂಬಳ ಯಾರು ಕೊಡುತ್ತಾರೆ ಅನ್ನುವುದು ಉಳಿಯುತ್ತದೆ. ಸರ್ಕಾರದ ಸುತ್ತೋಲೆಗೆ ಕಾಯುವುದಕ್ಕಿಂತ ಇದಕ್ಕೆ ಊರಲ್ಲೇ ದಾರಿ ಇದೆ. ತಾಲ್ಲೂಕಿನ ಪ್ರತಿ ಪಂದ್ಯಾಟದವರು ಒಟ್ಟು ಸಂಗ್ರಹದ ಶೇ 5ನ್ನು ಬಹುಮಾನದ ಮೊತ್ತ ಘೋಷಿಸುವ ಮೊದಲೇ ಎತ್ತಿಟ್ಟರೆ ಆಯಿತು. ಮೊದಲೇ ಅನ್ನುವುದು ಮುಖ್ಯ. ಮುಗಿದ ಮೇಲೆ ಉಳಿದರೆ ನೋಡೋಣ ಅಂದರೆ ಉಳಿಯುವುದಿಲ್ಲ, ಶಾಮಿಯಾನದವನ ಬಾಕಿ ಯಾವಾಗಲೂ ಇದ್ದೇ ಇರುತ್ತದೆ.